ಪಟಪಟ ಓದುತ್ತಾನೆ, ಏನು ಓದಿದೆ ಅಂದರೆ ಸುಮ್ಮನಾಗುತ್ತಾನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಪ್ರಾಥಮಿಕ ಶಾಲೆಯ ಮಕ್ಕಳ ಓದಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಪಾಠವನ್ನು ಎಲ್ಲೂ ನಿಲ್ಲದೆ ಪಟಪಟ ಓದುತ್ತಾನೆ, ಕೇಳೋಕೆ ಖುಷಿಯಾಗುತ್ತೆ. ಮುಗಿದ ಮೇಲೆ "ಏನಪ್ಪಾ ಇತ್ತು ಪಾಠದಲ್ಲಿ?" ಅಂದರೆ ನನ್ನ ಮುಖ ನೋಡುತ್ತಾನೆ. ಬೈದರೆ ಇನ್ನೊಂದು ಸಲ ಇನ್ನೂ ಜೋರಾಗಿ ಓದುತ್ತಾನೆ. ಇವನ ತಲೆಗೇ ಏನಾದರೂ ತೊಂದರೆ ಇದೆಯಾ ಅಂತ ರಾತ್ರಿ ನಿದ್ದೆ ಬರಲ್ಲ.
— ಒಬ್ಬ ತಾಯಿ, ನೊಣವಿನಕೆರೆ

ಉತ್ತರ: ಮಗ ತಡೆಯಿಲ್ಲದೆ ಓದುತ್ತಾನೆ, ಆದರೆ ಓದಿದ್ದೇನು ಎಂದು ಹೇಳಲಾರ. ಬುದ್ಧಿಗೇ ಏನೋ ಆಗಿದೆಯೇನೋ ಎಂಬ ಭಯ ನಿಮ್ಮದು. ಹೆತ್ತವರಿಗೆ ನಿದ್ದೆ ಕೆಡುವಂಥ ವಿಚಾರವೇ ಇದು. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದರೂ ಬುದ್ಧಿಯ ದೋಷ ಎನ್ನುವಂಥದ್ದು ನನಗೆ ಏನೂ ಕಾಣಲಿಲ್ಲ. ಹೀಗೆ ಓದುವ ಮಕ್ಕಳು ಹೆಚ್ಚುಕಡಿಮೆ ಎಲ್ಲ ತರಗತಿಗಳಲ್ಲೂ ಇರುತ್ತಾರೆ. ಓದು ಕೇಳಲು ಚೆನ್ನಾಗಿರುವುದರಿಂದಲೇ ಅವರ ಕಷ್ಟ ಯಾರ ಗಮನಕ್ಕೂ ಬರುವುದಿಲ್ಲ. ನೀವು ನಾಲ್ಕನೇ ತರಗತಿಯಲ್ಲೇ ಗಮನಿಸಿದ್ದೀರಿ. ಸರಿಪಡಿಸಲು ಬೇಕಾದಷ್ಟು ಕಾಲ ಇದೆ.

ಓದು ಎಂದರೆ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಒಂದು, ಡಿಕೋಡಿಂಗ್ (ಅಕ್ಷರ, ಕಾಗುಣಿತ, ಒತ್ತಕ್ಷರ ಬಿಡಿಸಿ ಪದವಾಗಿ ಉಚ್ಚರಿಸುವುದು). ಇನ್ನೊಂದು ಭಾಷಾ ಗ್ರಹಿಕೆ (ಅದೇ ಮಾತನ್ನು ಯಾರಾದರೂ ಬಾಯಲ್ಲಿ ಹೇಳಿದರೆ ತಿಳಿದುಕೊಳ್ಳುವ ಶಕ್ತಿ). ಇವು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ ಎಂದು 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು ಬರೆದರು. ಒಂದು ಕಡೆ ಸೊನ್ನೆ ಬಂದರೆ ಇನ್ನೊಂದು ಕಡೆ ಎಷ್ಟಿದ್ದರೂ ಗುಣಲಬ್ಧ ಸೊನ್ನೆಯೇ. ನಿಮ್ಮ ಮಗ ಮೊದಲನೆಯದರಲ್ಲಿ ಪಳಗಿದ್ದಾನೆ. ಎರಡನೆಯದರಲ್ಲೂ ಅವನದು ಸೊನ್ನೆಯಲ್ಲ. ದಿನವಿಡೀ ಮನೆಯಲ್ಲಿ ಮಾತಾಡಿಕೊಂಡಿರುವ ಹುಡುಗನದು ಸೊನ್ನೆ ಹೇಗಾದೀತು? ಓದುವಾಗಲೂ ಆ ತಿಳಿವಳಿಕೆಯನ್ನು ಬಳಸಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪಿಲ್ಲದೆ ಗಟ್ಟಿಯಾಗಿ ಉಚ್ಚರಿಸಿದರೆ ಓದು ಮುಗಿಯಿತು ಎಂದುಕೊಂಡಿದ್ದಾನೆ. ನೀವು ಬೈದಾಗ ಇನ್ನೂ ಜೋರಾಗಿ ಓದುವುದು ಅದಕ್ಕೇ. ಪಾಪ, ಅವನ ಲೆಕ್ಕದಲ್ಲಿ ಅದೇ ಸರಿಯಾದ ಉತ್ತರ.

ಇವತ್ತು ಸಂಜೆ ಈ ನಾಲ್ಕು ಸಾಲು ಬರೆದು ಅವನ ಕೈಗೆ ಕೊಡಿ:

"ಅಜ್ಜ ಅಟ್ಟದಿಂದ ಒಂದು ಕಾಯಿ ತೆಗೆದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮುಖ ಸಪ್ಪಗಾಯಿತು. 'ರೇಟು ಇರೋದು ಈಗಲೇ' ಎಂದು ಗೊಣಗಿ, ಕಾಯನ್ನು ಮತ್ತೆ ಅಟ್ಟಕ್ಕೇ ಇಟ್ಟ."

ಮೊದಲು, ಯಾರ ಮುಖ ಸಪ್ಪಗಾಯಿತು ಎಂದು ಕೇಳಿ. ನಿಮಗೆ ಇದು ಪ್ರಶ್ನೆಯೇ ಅಲ್ಲ ಅನ್ನಿಸಬಹುದು. ಕನ್ನಡದಲ್ಲಿ ಒಮ್ಮೆ ಹೆಸರು ಹೇಳಿದ ಮೇಲೆ ಮುಂದಿನ ವಾಕ್ಯಗಳಲ್ಲಿ ಅದನ್ನು ಬಿಟ್ಟುಬಿಡುತ್ತೇವೆ. ಮೇಲಿನ ಸಾಲುಗಳಲ್ಲಿ 'ಅಜ್ಜ' ಬರುವುದು ಒಂದೇ ಸಲ. ಮಿಕ್ಕ ಮೂರು ವಾಕ್ಯಕ್ಕೂ ಓದುವ ಮಗುವೇ ಅಜ್ಜನನ್ನು ಹೊತ್ತುಕೊಂಡು ಹೋಗಬೇಕು. ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಪದಗಳೆಲ್ಲ ಗೊತ್ತು, ಆದರೆ ಯಾರು ಏನು ಮಾಡಿದರು ಎಂಬ ಎಳೆ ಕೈತಪ್ಪಿರುತ್ತದೆ.

ಆಮೇಲೆ, ಅಜ್ಜ ಕಾಯನ್ನು ಯಾಕೆ ವಾಪಸ್ ಇಟ್ಟ ಎಂದು ಕೇಳಿ. ಇದಕ್ಕೆ ಉತ್ತರ ಯಾವ ಸಾಲಿನಲ್ಲೂ ಇಲ್ಲ, ಆದರೆ ನಿಮ್ಮ ಮಗನಿಗೆ ಗೊತ್ತು. ಅಲ್ಲಾಡಿಸಿದಾಗ ಒಳಗೆ ಉಂಡೆ ಲೊಟಲೊಟ ಅನ್ನಲಿಲ್ಲ, ನೀರಿನ ಸದ್ದು ಕೇಳಿಸಿತು. ಅಂದರೆ ಕೊಬ್ಬರಿ ಇನ್ನೂ ಆಗಿಲ್ಲ. ಆಗುವ ಹೊತ್ತಿಗೆ ತಿಪಟೂರು ಮಾರುಕಟ್ಟೆಯಲ್ಲಿ ರೇಟು ಇಳಿದಿರಬಹುದು ಎಂಬ ಸಂಕಟ ಅಜ್ಜನದು. ಇಷ್ಟನ್ನು ಅವನು ತನ್ನ ಮಾತಿನಲ್ಲಿ ಹೇಳಿದನೆಂದರೆ, ತಲೆ ಸರಿಯಾಗಿದೆ ಎಂಬುದಕ್ಕೆ ನಿಮಗೆ ಬೇರೆ ಯಾವ ಸರ್ಟಿಫಿಕೇಟೂ ಬೇಡ. ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಓದುವ ಏಳನೇ ತರಗತಿಯ ಮಗು ಈ ಪ್ರಶ್ನೆಗೆ ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ.

ಇದು ನಮ್ಮ ಕಡೆಯ ಅಭಿಮಾನದ ಮಾತಲ್ಲ. 1988ರಲ್ಲಿ ಅಮೆರಿಕದ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕಿಯರು ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟದ ಗಂಧಗಾಳಿ ಇಲ್ಲದವರಿಗಿಂತ ಎಷ್ಟೋ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಓದಿದ್ದು ತಲೆಗೆ ಹೋಗಲು ಆ ವಿಷಯ ಮೊದಲೇ ಸ್ವಲ್ಪ ಗೊತ್ತಿರಬೇಕು.

ಹಾಗಾಗಿ ಪಾಠದಲ್ಲಿ ಹಡಗು, ಹಿಮ, ಮರುಭೂಮಿ ಬಂದಾಗ ಮೊದಲು ಓದಿಸಬೇಡಿ. ಚಿತ್ರ ತೋರಿಸಿ, ಐದು ನಿಮಿಷ ಅದರ ಬಗ್ಗೆ ಮಾತಾಡಿ, ಆಮೇಲೆ ಪುಸ್ತಕ ತೆಗೆಯಿರಿ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಚಿತ್ರಗಳ ಸಮೇತ 'ಬಾಲ ಪ್ರಪಂಚ' ಎಂಬ ಮಕ್ಕಳ ವಿಶ್ವಕೋಶದ ಸಂಪುಟಗಳನ್ನು ತಂದರು. ಹಳ್ಳಿಯ ಮಗುವಿಗೆ ಊರಾಚೆಯ ಲೋಕ ತೋರಿಸದೆ ಅದನ್ನು ಓದು ಎಂದರೆ ಏನು ಪ್ರಯೋಜನ?

"ಪಾಠದಲ್ಲಿ ಏನಿತ್ತು?" ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬಿಡಿ. ಅದು ಬಹಳ ದೊಡ್ಡ ಪ್ರಶ್ನೆ, ದೊಡ್ಡವರೇ ತಡವರಿಸುತ್ತಾರೆ. ಅರ್ಧ ಪುಟ ಓದಿದ ಮೇಲೆ ನಿಲ್ಲಿಸಿ "ಮುಂದೆ ಏನಾಗಬಹುದು ಅನ್ಸುತ್ತೆ?" ಎನ್ನಿ. ಇನ್ನೊಂದು ಕಡೆ "ಅವಳು ಯಾಕೆ ಹಾಗಂದಳು? ನಂಗೆ ತಿಳೀಲಿಲ್ಲ, ನೀನು ಹೇಳು" ಎನ್ನಿ. ಒಂದೆರಡು ಪುಟವನ್ನು ಬಾಯಿ ಬಿಡದೆ ಮನಸ್ಸಿನಲ್ಲೇ ಓದಲು ಹೇಳಿ. ಜೋರಾಗಿ ಓದುವ ಮಗುವಿನ ಗಮನವೆಲ್ಲ ಉಚ್ಚಾರಣೆಗೇ ಹೋಗಿಬಿಡುವುದುಂಟು. ದಿನಕ್ಕೆ ಹದಿನೈದು ನಿಮಿಷ ಸಾಕು. ಆಕಳಿಸಿದರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ಜೊತೆಯವರು ಒಂದರಿಂದ ಮೂರನೇ ತರಗತಿಯ ನಲಿ-ಕಲಿ ನೋಡಿಕೊಳ್ಳುತ್ತಾರೆ, ನಾಲ್ಕು ಮತ್ತು ಐದು ನನ್ನ ಪಾಲು. ಪಾಠದ ಕೊನೆಯ ಪ್ರಶ್ನೆಗಳಿಗೆ ಮಕ್ಕಳು ಚೆನ್ನಾಗಿ ಉತ್ತರ ಬರೆಯುತ್ತಾರೆ. ಅದನ್ನೇ ಸ್ವಲ್ಪ ತಿರುಗಿಸಿ ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ. 'ಗ್ರಹಿಕೆ ಬೆಳೆಸಿ' ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಯಾರೂ ಮಾಡಿ ತೋರಿಸಿಲ್ಲ. ಪಠ್ಯ ಮುಗಿಸುವ ಗಡಿಬಿಡಿ ಬೇರೆ. ನಾನೇ ಸರಿಯಾಗಿ ಕಲಿಸುತ್ತಿಲ್ಲವೇನೋ ಎಂಬ ಅಳುಕು.
— ಶಿಕ್ಷಕಿ, ಚಿಕ್ಕನಾಯಕನಹಳ್ಳಿ ತಾಲ್ಲೂಕು

ಉತ್ತರ: ಉತ್ತರ ಬರೆಯುವ ಮಕ್ಕಳು ಪ್ರಶ್ನೆ ತಿರುಗಿಸಿದರೆ ತಡವರಿಸುತ್ತಾರೆ, ಆ ದೋಷ ನಿಮ್ಮದೇ ಎಂದು ನಿಮಗೆ ಅನ್ನಿಸಿದೆ. ಹಾಗೆ ಅನ್ನಿಸಿದ್ದೇ ನೀವು ಮನಸ್ಸಿಟ್ಟು ಕಲಿಸುತ್ತಿದ್ದೀರಿ ಎಂಬುದಕ್ಕೆ ಸಾಕ್ಷಿ. ದೋಷ ಬಹಳ ಮಟ್ಟಿಗೆ ನಾವು ಕೇಳುವ ಪ್ರಶ್ನೆಗಳದ್ದು.

ಈ ವಾಕ್ಯ ಓದಿ: "ಡುಂಬಕನು ಲಿಪ್ಪೆಯನ್ನು ಗೊಣಚಿ ಮೊಗಟೆಯ ಮೇಲೆ ಇಟ್ಟನು." ಈಗ ಪ್ರಶ್ನೆ: ಡುಂಬಕನು ಲಿಪ್ಪೆಯನ್ನು ಎಲ್ಲಿ ಇಟ್ಟನು? ಮೊಗಟೆಯ ಮೇಲೆ. ಇಡುವ ಮುಂಚೆ ಏನು ಮಾಡಿದನು? ಗೊಣಚಿದನು. ಪೂರ್ಣ ಅಂಕ! ಇದರಲ್ಲಿ ನಿಮಗಾಗಲಿ ನನಗಾಗಲಿ ತಿಳಿದದ್ದು ಏನೂ ಇಲ್ಲ, ಪದಗಳೆಲ್ಲ ನಾನು ಈಗ ಹುಟ್ಟಿಸಿದವು. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಅದರ ಪಕ್ಕದಲ್ಲಿರುವುದನ್ನು ಬರೆದರಾಯಿತು. ನಿಮ್ಮ ಮಕ್ಕಳು ಈ ವಿದ್ಯೆಯಲ್ಲಿ ನಿಪುಣರಾಗಿದ್ದಾರೆ. ನಿಮ್ಮ ಜೊತೆಯವರಿಗೂ ಈ ವಾಕ್ಯ ಕೊಟ್ಟು ನೋಡಿ. ಒಂದು ಚಹಾ ಮುಗಿಯುವುದರೊಳಗೆ ಅವರಿಗೂ ವಿಷಯ ಮನದಟ್ಟಾಗುತ್ತದೆ.

ಇನ್ನೊಂದು ಕಾರಣವೂ ಇದೆ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ನೋಡಿ ಶುರುವಾದದ್ದು ನಿಮಗೆ ಗೊತ್ತೇ ಇದೆ. ಅಲ್ಲಿ ಮಗು ಕಾರ್ಡಿನಿಂದ ಕಾರ್ಡಿಗೆ, ಮೆಟ್ಟಿಲಿಂದ ಮೆಟ್ಟಿಲಿಗೆ, ತನ್ನ ವೇಗದಲ್ಲಿ ಏರುತ್ತದೆ. ಸಣ್ಣ ತುಂಡು, ಪಕ್ಕದಲ್ಲಿ ಚಿತ್ರ, ಕೂರಲು ಗುಂಪು. ನಾಲ್ಕನೇ ತರಗತಿಗೆ ಬಂದೊಡನೆ ಎರಡು ಮೂರು ಪುಟದ ಪಾಠ ಎದುರಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಜಿಗಿತ ದೊಡ್ಡದು, ಅದನ್ನು ದಾಟಿಸುವ ಹೊರೆ ನಿಮ್ಮಂಥವರ ತಲೆಯ ಮೇಲೆ ಬಿದ್ದಿದೆ.

ಮೊದಲ ಹದಿನೈದು ದಿನ ಒಂದೇ ಕೆಲಸ ಮಾಡಿ. ನೀವು ಓದುತ್ತಾ ನಿಮ್ಮ ಮನಸ್ಸಿನಲ್ಲಿ ಏನು ಓಡುತ್ತಿದೆಯೋ ಅದನ್ನು ಬಾಯಿಬಿಟ್ಟು ಹೇಳಿ. ಪಾಠದಲ್ಲಿ "ಆ ವರ್ಷ ಕೆರೆ ಬತ್ತಿತು. ಊರಿನವರು ದನಗಳನ್ನು ಮಾರಿದರು" ಎಂದಿದೆ ಅಂದುಕೊಳ್ಳಿ. ಅಲ್ಲಿ ನಿಂತು, "ಇದೇನಿದು, ಕೆರೆ ಬತ್ತಿದ್ದಕ್ಕೂ ದನ ಮಾರಿದ್ದಕ್ಕೂ ಏನು ಸಂಬಂಧ? ಬರೆದಿಲ್ಲವಲ್ಲ... ಹಾಂ, ನೀರಿಲ್ಲ ಅಂದರೆ ಮೇವೂ ಇಲ್ಲ. ಇಟ್ಟುಕೊಂಡರೆ ಸಾಯುತ್ತವೆ. ಎಲ್ಲರೂ ಒಟ್ಟಿಗೆ ಮಾರಿದರೆ ಬೆಲೆ ಸಿಕ್ಕಿತೋ ಇಲ್ಲವೋ" ಎನ್ನಿ. ಓದುವವರ ತಲೆಯೊಳಗೆ ಇಷ್ಟೊಂದು ಮಾತು ನಡೆಯುತ್ತದೆ ಎಂಬುದೇ ಮಕ್ಕಳಿಗೆ ಗೊತ್ತಿರುವುದಿಲ್ಲ. ಮೇಡಂ ಕೂಡ ಓದುವಾಗ ತಡವರಿಸುತ್ತಾರೆ, ಹಿಂದಿನ ಸಾಲಿಗೆ ಹೋಗಿ ನೋಡುತ್ತಾರೆ ಎಂದು ತಿಳಿದರೆ ಅವರಿಗೂ ಧೈರ್ಯ ಬರುತ್ತದೆ.

ಆಮೇಲೆ ಮಕ್ಕಳ ಸರದಿ. 1984ರಲ್ಲಿ ಆ್ಯನ್‌ಮರಿ ಪಾಲಿನ್‌ಸರ್ ಮತ್ತು ಆ್ಯನ್ ಬ್ರೌನ್ ಎಂಬುವರು ಪರಸ್ಪರ ಬೋಧನೆ (ಮಕ್ಕಳು ಸರದಿಯಂತೆ ಶಿಕ್ಷಕರಾಗಿ ಗುಂಪನ್ನು ನಡೆಸುವ ಕ್ರಮ) ಎಂಬ ವಿಧಾನವನ್ನು ಪ್ರಯೋಗಿಸಿ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ನಿಮ್ಮ ತರಗತಿಯಲ್ಲಿರುವಂಥ ಮಕ್ಕಳನ್ನೇ, ಅಂದರೆ ಪದ ಓದುತ್ತಾರೆ, ಅರ್ಥ ಹೇಳಲಾರರು. ವಯಸ್ಸು ಮಾತ್ರ ಸ್ವಲ್ಪ ಹೆಚ್ಚು, ಏಳನೇ ತರಗತಿ. ಮುಂದೇನು ಎಂದು ಊಹಿಸುವುದು, ತಿಳಿಯದ ಕಡೆ ನಿಂತು ಬಿಡಿಸಿಕೊಳ್ಳುವುದು, ಪ್ರಶ್ನೆ ಮಾಡುವುದು, ಎರಡು ವಾಕ್ಯದಲ್ಲಿ ಸಾರ ಹೇಳುವುದು ಎಂಬ ನಾಲ್ಕು ಕೆಲಸ ಅದರಲ್ಲಿವೆ. ನಾಲ್ಕನ್ನೂ ಒಂದೇ ದಿನ ಹೇರಬೇಡಿ. ಊಹೆಯಿಂದ ಶುರುಮಾಡಿ, ಮಕ್ಕಳಿಗೆ ಅದು ಆಟ. ಸಾರ ಹೇಳುವುದು ಎಲ್ಲಕ್ಕಿಂತ ಕಷ್ಟ, ಕೊನೆಗಿರಲಿ.

ಪ್ರಶ್ನೆ ಮಾಡುವುದನ್ನು ಕಲಿಸಲು ಒಂದು ದಾರಿ ಹೇಳುತ್ತೇನೆ. ಕಪ್ಪುಹಲಗೆಯ ನಡುವೆ ಗೆರೆ ಎಳೆಯಿರಿ. ಎಡಗಡೆ, ಸಾಲಿನಲ್ಲೇ ಉತ್ತರ ಸಿಗುವ ಪ್ರಶ್ನೆಗಳು. ಬಲಗಡೆ, ಯೋಚಿಸಿದರೆ ಮಾತ್ರ ಸಿಗುವವು. ಪ್ರತಿ ಮಗುವೂ ಒಂದು ಪ್ರಶ್ನೆ ತಂದು ಅದು ಯಾವ ಕಡೆಯದು ಎಂದು ಹೇಳಬೇಕು. ಮೊದಮೊದಲು ಎಡಗಡೆ ತುಂಬಿ ತುಳುಕುತ್ತದೆ, ಬಲಗಡೆ ಖಾಲಿ. ಒಂದು ಪ್ರಶ್ನೆ ಯಾವ ಕಡೆಯದು ಎಂದು ಮಕ್ಕಳು ಜಗಳವಾಡಲು ಶುರುಮಾಡಿದ ದಿನ ನಿಮ್ಮ ಕೆಲಸ ಕೈಗೂಡಿದೆ ಎಂದು ತಿಳಿಯಿರಿ.

ಸಾಲಿನಲ್ಲಿ ಇಲ್ಲದ ಅರ್ಥ ಎಂದರೆ ಏನು ಎಂದು ವಿವರಿಸಲು ನಮ್ಮ ಅಲಂಕಾರ ಶಾಸ್ತ್ರದವರ ಹಳೆಯ ಉದಾಹರಣೆಯೊಂದು ಚೆನ್ನಾಗಿ ಒದಗುತ್ತದೆ. "ಹೊತ್ತು ಮುಳುಗಿತು." ದನ ಕಾಯುವವನಿಗೆ ಹೇಳಿದರೆ ದನ ಹೊಡೆದುಕೊಂಡು ಬಾ ಎಂದರ್ಥ. ಆಡುತ್ತಿರುವ ಮಗುವಿಗೆ ಹೇಳಿದರೆ ಮನೆಗೆ ಬಾ ಎಂದು. ಕೂಲಿಯವರಿಗೆ ಕೆಲಸ ಬಿಡಿ ಎಂದು, ಕಳ್ಳನಿಗೆ ಹೊರಡು ಎಂದು! ಮಕ್ಕಳೇ ಇನ್ನಷ್ಟು ಸೇರಿಸುತ್ತಾರೆ, ಬಿಟ್ಟು ನೋಡಿ. ಈ ಧ್ವನಿಯ (ಮಾತಿನಲ್ಲಿ ಹೇಳದೆ ಹೊಳೆಯುವ ಅರ್ಥದ) ವಿಚಾರವನ್ನು ಕನ್ನಡಿಗರಿಗೆ ತಿಳಿಯಾಗಿ ಬಿಡಿಸಿ ಹೇಳಿದ ತೀ.ನಂ. ಶ್ರೀಕಂಠಯ್ಯನವರು ನಿಮ್ಮ ತಾಲ್ಲೂಕಿನ ತೀರ್ಥಪುರದವರು. ಅವರ 'ಭಾರತೀಯ ಕಾವ್ಯಮೀಮಾಂಸೆ' 1953ರಲ್ಲಿ ಬಂತು. ಐದನೇ ತರಗತಿಯ ಮಕ್ಕಳಿಗೆ ಆ ಪುಸ್ತಕ ಬೇಡ, ಹೆಸರು ಗೊತ್ತಿದ್ದರೆ ಚೆನ್ನ.

ಪಠ್ಯ ಮುಗಿಯುವುದಿಲ್ಲ ಎಂಬ ನಿಮ್ಮ ಭಯ ಸಹಜ. ಎಲ್ಲ ಪಾಠವನ್ನೂ ಹೀಗೆ ಮಾಡಲು ಹೋಗಬೇಡಿ. ತಿಂಗಳಿಗೆ ಒಂದು ಪಾಠವನ್ನು ನಿಧಾನವಾಗಿ ಮಾಡಿ, ಮಿಕ್ಕವು ಎಂದಿನಂತೆ ನಡೆಯಲಿ. ಇನ್ನೂ ಅಕ್ಷರ ಕೂಡಿಸಲು ಕಷ್ಟಪಡುವ ಮಕ್ಕಳು ಇದ್ದರೆ ಅವರನ್ನು ಈ ಮಾತುಕತೆಯಿಂದ ಹೊರಗಿಡಬೇಡಿ. ಪಾಠವನ್ನು ನೀವು ಓದಿ ಹೇಳಿ, ಅವರು ಕೇಳಿ ಮಾತಾಡಲಿ. ಅಕ್ಷರದ ಅಭ್ಯಾಸಕ್ಕೆ ಬೇರೆ ಹೊತ್ತು ಇಡಿ. 'ಓದು ಕರ್ನಾಟಕ' ಕಾರ್ಯಕ್ರಮದಲ್ಲಿ ನಾಲ್ಕು-ಐದನೇ ತರಗತಿಯ ಮಕ್ಕಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುತ್ತಿದ್ದುದು ನಿಮಗೆ ನೆನಪಿರಬಹುದು, ಅಕ್ಷರದ ಅಭ್ಯಾಸಕ್ಕೂ ಅದೇ ಕ್ರಮ ನಡೆಯುತ್ತದೆ.

ಪ್ರಶ್ನೆ: ನಾನು ಓದು ಬರಹ ಬಾರದವಳು. ತೋಟದ ಕೂಲಿಗೆ ಹೋಗುತ್ತೇನೆ. ಮೊಮ್ಮಗಳು ಮೂರನೇ ಕ್ಲಾಸು, ಅವಳ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ಓದಿಸಿ ಅಂತ ಮೇಷ್ಟ್ರು ಹೇಳುತ್ತಾರೆ. ಪುಸ್ತಕ ತಲೆಕೆಳಗಾಗಿ ಹಿಡಿದರೂ ನನಗೆ ಗೊತ್ತಾಗಲ್ಲ. ನನ್ನಿಂದ ಈ ಮಗು ಹಿಂದೆ ಬೀಳುತ್ತಾ? ಈ ಕಾಗದ ಬರೆದದ್ದೂ ಅವಳೇ, ನಾನು ಹೇಳಿದ್ದು.
— ಒಬ್ಬ ಅಜ್ಜಿ, ಹುಳಿಯಾರು

ಉತ್ತರ: ತಾಯಿ, ಓದು ಬಾರದ ತಮ್ಮಿಂದ ಮಗು ಹಿಂದೆ ಬೀಳುತ್ತದೇನೋ ಎಂಬ ಕೊರಗು ನಿಮ್ಮದು. ನಿಮ್ಮ ಮಾತನ್ನು ಕೇಳಿ, ಅದರ ಧಾಟಿ ಕೆಡದ ಹಾಗೆ ಕಾಗದಕ್ಕಿಳಿಸಿದ ಮಗು ಅದು. ಮೂರನೇ ಕ್ಲಾಸಿಗೆ ಅದು ಸಣ್ಣ ಕೆಲಸವಲ್ಲ. ಅಷ್ಟರ ಮಟ್ಟಿಗೆ ನೀವು ಸಮಾಧಾನದಿಂದಿರಿ.

ನೀವು ಮಾಡಬಹುದಾದದ್ದು ಬಹಳ ಇದೆ, ಅದಕ್ಕೆ ಅಕ್ಷರ ಬೇಡ. ಸಂಜೆ ಅವಳು ಕತೆ ಓದುವಾಗ ಪಕ್ಕದಲ್ಲಿ ಕೂತುಕೊಳ್ಳಿ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, "ಈಗ ನಂಗೆ ಕತೆ ಹೇಳು" ಎನ್ನಿ. ಅವಳು ನಡುವೆ ಏನಾದರೂ ಬಿಟ್ಟರೆ ನಿಮಗೆ ತಾನಾಗಿ ತಿಳಿಯುತ್ತದೆ. "ತೋಳ ಬಂತು ಅಂದೆ, ಆ ಕುರಿಮರಿ ಎಲ್ಲಿಗೆ ಹೋಯ್ತು?" ಎಂದು ನೀವು ಕೇಳಿದಾಗ ಅವಳು ಮತ್ತೆ ಪುಸ್ತಕ ತೆಗೆದು ನೋಡುತ್ತಾಳೆ. ಹಾಗೆ ತಿರುಗಿ ನೋಡುವುದೇ ಓದಿನ ಮುಖ್ಯ ಅಭ್ಯಾಸ. ಓದು ಬಲ್ಲವರು ಅವಸರದಲ್ಲಿ ತಾವೇ ಉತ್ತರ ಹೇಳಿಬಿಡುತ್ತಾರೆ. ನಿಮಗೆ ನಿಜವಾಗಿಯೂ ಗೊತ್ತಿಲ್ಲದ ಕಾರಣ ಮಗು ಹೇಳಲೇಬೇಕು.

ನಿಮಗೆ ಗೊತ್ತಿರುವ ಕತೆ, ಒಗಟು, ಗಾದೆ ಎಲ್ಲವನ್ನೂ ಅವಳಿಗೆ ಹೇಳಿ. ತೆಂಗಿನ ಹರಳು ಯಾಕೆ ಉದುರುತ್ತದೆ, ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಎಷ್ಟು ದಿನ ಬೇಕು, ನುಸಿ ಬಿದ್ದ ಕಾಯಿ ಹೇಗಿರುತ್ತದೆ, ಇವೂ ಪಾಠವೇ. ಒಂದೊಂದು ದಿನ ನೀವು ಹೇಳಿ, ಅವಳು ಬರೆಯಲಿ. ಬರೆದದ್ದನ್ನು ನಿಮಗೇ ಓದಿ ಹೇಳಲಿ. ತಾನು ಕೇಳಿದ ಮಾತೇ ಅಕ್ಷರವಾಗಿ ಕಣ್ಣೆದುರು ಇರುವಾಗ ಅರ್ಥವಾಗದೇ ಇರುವ ಪ್ರಶ್ನೆಯೇ ಇಲ್ಲ.

ಪುಸ್ತಕಕ್ಕೆ ದುಡ್ಡು ಹಾಕಬೇಕಿಲ್ಲ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಈ ಸೌಲಭ್ಯ ಕೊಟ್ಟರು. ಈಗ ಈ ಗ್ರಂಥಾಲಯವನ್ನು ಅರಿವು ಕೇಂದ್ರ ಎಂದೂ ಕರೆಯುತ್ತಾರೆ. ಹತ್ತಿರದ ಪಂಚಾಯ್ತಿಯಲ್ಲಿ ವಿಚಾರಿಸಿ, ಮೊಮ್ಮಗಳನ್ನೇ ಕರೆದುಕೊಂಡು ಹೋಗಿ, ಪುಸ್ತಕವನ್ನು ಅವಳೇ ಆರಿಸಿಕೊಳ್ಳಲಿ. ತೆಳ್ಳನೆಯ ಚಿತ್ರದ ಪುಸ್ತಕ ಆರಿಸಿದರೆ "ಇದು ಚಿಕ್ಕವರದು" ಎನ್ನಬೇಡಿ.

ಪ್ರಶ್ನೆ: ಮಗಳು ಎರಡನೇ ತರಗತಿ, ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್ ಪಾಠ ಓದುತ್ತಾಳೆ, ಆದರೆ ಒಂದು ವಾಕ್ಯದ ಅರ್ಥವೂ ಗೊತ್ತಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವುದನ್ನು ಕಡಿಮೆ ಮಾಡಿ ಅಂತ ಕೆಲವರು ಸಲಹೆ ಕೊಟ್ಟಿದ್ದಾರೆ. ನಮಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೇ. ಏನು ಮಾಡೋದು?
— ತೆಂಗು ಬೆಳೆಗಾರರು, ತುರುವೇಕೆರೆ

ಉತ್ತರ: ಇಂಗ್ಲಿಷ್ ಬರಲೆಂದು ಫೀಸು ಕಟ್ಟಿ ಸೇರಿಸಿದ್ದೀರಿ, ಮಗಳು ಅರ್ಥವಿಲ್ಲದೆ ಓದುತ್ತಿದ್ದಾಳೆ, ಈಗ ಮನೆಯ ಕನ್ನಡವೇ ಅಡ್ಡಿಯೇ ಎಂಬ ಅನುಮಾನ ಹುಟ್ಟಿದೆ. ಖಂಡಿತ ಅಡ್ಡಿಯಲ್ಲ. ದಯವಿಟ್ಟು ಮಗಳ ಜೊತೆ ಕನ್ನಡದಲ್ಲೇ ಮಾತಾಡಿ, ಧಾರಾಳವಾಗಿ ಮಾತಾಡಿ.

ಎಳೆ ಹಿಡಿಯುವುದು, ಊಹಿಸುವುದು, ಯಾಕೆ ಎಂದು ಕೇಳುವುದು ಇವನ್ನೆಲ್ಲ ಮಗು ಒಂದು ಭಾಷೆಯಲ್ಲಿ ಕಲಿತರೆ ಇನ್ನೊಂದಕ್ಕೂ ಒಯ್ಯುತ್ತದೆ. ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಇದನ್ನೇ ಭಾಷೆಗಳ ಪರಸ್ಪರಾವಲಂಬನೆ (ಮನೆಮಾತಿನ ಬಲ ಎರಡನೆಯ ಭಾಷೆಗೂ ಆಸರೆಯಾಗುವುದು) ಎಂದು ಮಂಡಿಸಿದರು. ನಿಮಗೆ ಸಲೀಸಾಗಿ ಬಾರದ ಇಂಗ್ಲಿಷಿನಲ್ಲಿ ಮಾತಾಡಲು ಹೋದರೆ ಮನೆಯ ಮಾತುಕತೆ "ಕಮ್", "ಈಟ್", "ಸಿಟ್" ಎಂಬಷ್ಟಕ್ಕೆ ಇಳಿದುಹೋಗುತ್ತದೆ. ಮಗುವಿಗೆ ಕನ್ನಡವೂ ತಪ್ಪಿತು, ಇಂಗ್ಲಿಷೂ ಸಿಗಲಿಲ್ಲ.

ಇಂಗ್ಲಿಷ್ ಪಾಠ ಓದುವ ಮೊದಲು ಅದರಲ್ಲಿರುವ ಕತೆಯನ್ನು ಕನ್ನಡದಲ್ಲಿ ಹೇಳಿಬಿಡಿ. ಗೊತ್ತಿರುವ ಕತೆಯಲ್ಲಿ ಹೊಸ ಪದಗಳು ಬೇಗ ಹಿಡಿತಕ್ಕೆ ಬರುತ್ತವೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ತಾಣದಲ್ಲಿ ಎಷ್ಟೋ ಕತೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇವೆ, ಉಚಿತ, ಓದಿನ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ನಿಮ್ಮ ಮೊಬೈಲ್‌ನಲ್ಲೇ ತೆರೆದುಕೊಳ್ಳುತ್ತದೆ. ಒಂದು ಕತೆಯನ್ನು ಇವತ್ತು ಕನ್ನಡದಲ್ಲಿ, ನಾಳೆ ಇಂಗ್ಲಿಷಿನಲ್ಲಿ ಓದಿಸಿ. ಓದಿದ್ದರ ಬಗ್ಗೆ ಪ್ರಶ್ನೆ ಕೇಳುವಾಗ ಉತ್ತರ ಕನ್ನಡದಲ್ಲಿ ಬಂದರೂ ಒಪ್ಪಿಕೊಳ್ಳಿ.

ಪ್ರಶ್ನೆ: ಮಗ ಐದನೇ ತರಗತಿಗೆ ಬಂದರೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿದ್ದದ್ದು ಮರೆತಿರುತ್ತಾನೆ. ಬಾಯಲ್ಲಿ ಮಾತ್ರ ಬಲು ಚುರುಕು. ಇದು ಡಿಸ್ಲೆಕ್ಸಿಯಾ ಇರಬಹುದು ಎಂದು ಸಂಬಂಧಿಕರೊಬ್ಬರು ಹೆದರಿಸಿದ್ದಾರೆ.
— ಒಬ್ಬ ತಂದೆ, ಹೊನ್ನವಳ್ಳಿ

ಉತ್ತರ: ಚುರುಕಾದ ಹುಡುಗ ಓದಿನಲ್ಲಿ ಮಾತ್ರ ಕುಂಟುತ್ತಿದ್ದಾನೆ, ಅದಕ್ಕೊಂದು ದೊಡ್ಡ ಹೆಸರು ಕೇಳಿ ನಿಮಗೆ ಎದೆ ಧಸಕ್ಕೆಂದಿದೆ. ಡಿಸ್ಲೆಕ್ಸಿಯಾ (ಬುದ್ಧಿ ಸರಿಯಿದ್ದರೂ ಅಕ್ಷರ-ಧ್ವನಿ ಕೂಡಿಸುವಲ್ಲಿ ಆಗುವ ತೊಡಕು) ಇರಲೂಬಹುದು, ಇಲ್ಲದಿರಲೂಬಹುದು. ಇದ್ದರೂ ಅದು ಹುಚ್ಚಲ್ಲ, ದಡ್ಡತನವಲ್ಲ, ನಿಮ್ಮ ತಪ್ಪಂತೂ ಅಲ್ಲ. ಸರಿಯಾಗಿ ಕಲಿಸಿದರೆ ಅಂಥ ಮಕ್ಕಳೂ ಓದುತ್ತಾರೆ.

ಅಕ್ಷರದ ಹಿಡಿತ ನಮ್ಮಲ್ಲಿ ನಿಧಾನವಾಗಿಯೇ ಬರುತ್ತದೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಈ ಕಲಿಕೆ ಮೊದಲೆರಡು ವರ್ಷಕ್ಕೆ ಮುಗಿಯದೆ ಮುಂದಿನ ತರಗತಿಗಳಿಗೂ ಹಬ್ಬುತ್ತದೆ ಎಂದು ತೋರಿಸಿತು. ಆದರೆ ಐದನೇ ತರಗತಿಯಲ್ಲೂ ಹೀಗಿದ್ದರೆ ತಾನಾಗಿ ಸರಿಹೋಗಲಿ ಎಂದು ಕಾಯಬೇಡಿ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ವಿಷಯ ಕನ್ನಡಕದಲ್ಲೇ ಮುಗಿಯುತ್ತದೆ. ಆಮೇಲೆ ಶಿಕ್ಷಕರ ಜೊತೆ ಕೂತು ಅವನು ಎಡವುವುದು ಎಲ್ಲಿ ಎಂದು ಪಟ್ಟಿ ಮಾಡಿ. ದೀರ್ಘವೇ, ಒತ್ತಕ್ಷರವೇ, ಅರ್ಕಾವತ್ತೇ? ಅಷ್ಟನ್ನೇ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಡಿಸಿ ಕಲಿಸಿ. ಕೆಲವು ತಿಂಗಳಾದರೂ ಜಗ್ಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಬಗೆಯ ಕಲಿಕಾ ತೊಡಕೂ ಸೇರಿದೆ. ಹಾಗಾಗಿ ನೆರವು ಕೇಳುವುದು ಅವನ ಹಕ್ಕು, ಮುಚ್ಚಿಡಬೇಕಾದ ವಿಷಯವಲ್ಲ.

ಅಲ್ಲಿಯವರೆಗೆ ಅವನ ವಿಜ್ಞಾನ, ಸಮಾಜದ ಪಾಠಗಳನ್ನು ನೀವು ಓದಿ ಹೇಳಿ. ಅಕ್ಷರ ತಡವಾಯಿತೆಂದು ತಿಳಿವಳಿಕೆಯೂ ಕಾಯುತ್ತಾ ಕೂರಬೇಕಿಲ್ಲ. ಇನ್ನೊಂದು ಮಾತು, ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಅವರ ಎದುರು ಅವನಿಂದ ಓದಿಸಬೇಡಿ.

ಪ್ರಶ್ನೆ: ಮೂರನೇ ತರಗತಿ ಮಕ್ಕಳು ನಿಮಿಷಕ್ಕೆ 60 ಪದ ಓದಬೇಕು ಎಂದು ಶಾಲೆಯ ಸಭೆಯಲ್ಲಿ ಹೇಳಿದರು. ನಮ್ಮೂರ ಮಕ್ಕಳು ಅರ್ಧವೂ ಓದಲ್ಲ. ಅದರ ಮೇಲೆ 'ಹಳ್ಳಿ'ಯನ್ನು 'ಅಳ್ಳಿ', 'ಹಾಲು' ಅನ್ನೋದನ್ನು 'ಆಲು' ಅಂತಾರೆ. ನಮ್ಮ ಶಾಲೆ ಅಷ್ಟು ಕಳಪೆಯಾ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಮಾಯಸಂದ್ರ

ಉತ್ತರ: ಒಂದು ಸಂಖ್ಯೆ ಕೇಳಿ ಊರ ಶಾಲೆಯ ಮೇಲಿನ ನಂಬಿಕೆಯೇ ಅಲ್ಲಾಡಿದೆ. ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. 60 ಪದದ ಗುರಿ 2021ರಲ್ಲಿ ಶುರುವಾದ ನಿಪುಣ್ ಭಾರತ್ ಕಾರ್ಯಕ್ರಮದ್ದು. ಆ ಗುರಿಯಲ್ಲೇ 'ಅರ್ಥ ತಿಳಿದು ಓದುವುದು' ಎಂಬ ಮಾತೂ ಇದೆ, ಸಭೆಗಳಲ್ಲಿ ಅದು ಉದುರಿಹೋಗುತ್ತದೆ. ಅಲ್ಲದೆ ಕನ್ನಡದಲ್ಲಿ 'ತೋಟದಲ್ಲಿದ್ದವರಿಗೆಲ್ಲ' ಎಂಬುದೂ ಒಂದೇ ಪದ. ಚಿಕ್ಕಚಿಕ್ಕ ಪದಗಳ ಭಾಷೆಯ ಲೆಕ್ಕ ನಮಗೆ ಹೊಂದುವುದಿಲ್ಲ. 2022ರಲ್ಲಿ ಎನ್‌ಸಿಇಆರ್‌ಟಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನದಲ್ಲಿ 20 ಭಾಷೆಗಳಿಗೆ ಬೇರೆ ಬೇರೆ ಮಟ್ಟ ಗುರುತಿಸಿದ್ದು ಅದಕ್ಕೇ.

'ಅಳ್ಳಿ' ಎಂದ ಮಗುವಿಗೆ ಹಳ್ಳಿ ಎಂದರೇನು ಗೊತ್ತು. ಅದು ಮನೆಯ ಮಾತಿನ ಉಚ್ಚಾರಣೆ, ಓದಿನ ತಪ್ಪಲ್ಲ. ವಾಕ್ಯದ ನಡುವೆ ತಡೆದು ತಿದ್ದಿದರೆ ಎಳೆ ಕಡಿದುಹೋಗುತ್ತದೆ. ಓದಿ ಮುಗಿಸಲಿ, ಬರೆಯುವ ಹೊತ್ತಿನಲ್ಲಿ 'ಹ' ತೋರಿಸಿಕೊಟ್ಟರೆ ಸಾಕು. 'ಹಳ್ಳಿ' ಬದಲು 'ಹಳ್ಳ' ಎಂದು ಓದಿ ಹಾಗೇ ಮುಂದೆ ಹೋದರೆ ಮಾತ್ರ ನಿಲ್ಲಿಸಿ, ಯಾಕೆಂದರೆ ಅಲ್ಲಿ ಅರ್ಥ ತಪ್ಪಿದ್ದು ಮಗುವಿಗೆ ಗೊತ್ತಾಗಿಲ್ಲ.

ಮುಂದಿನ ಸಭೆಯಲ್ಲಿ ಶಿಕ್ಷಕರನ್ನು ಇಷ್ಟು ಕೇಳಿಕೊಳ್ಳಿ: ಗಡಿಯಾರ ಇಟ್ಟು ಓದಿಸಿದ ಮೇಲೆ ಪ್ರತಿ ಮಗುವಿಗೂ ಎರಡು ಪ್ರಶ್ನೆ ಕೇಳಲಿ, ಒಂದು ಸಾಲಿನಲ್ಲಿ ಇರುವುದು, ಒಂದು ಇಲ್ಲದಿರುವುದು. ಪದಗಳ ಲೆಕ್ಕದ ಪಕ್ಕದಲ್ಲೇ ಉತ್ತರವನ್ನೂ ಬರೆದಿಡಲಿ. ಮೂರು ತಿಂಗಳಾದ ಮೇಲೆ ಆ ಹಾಳೆ ಹಿಡಿದು ಮತ್ತೆ ಮಾತಾಡಿ.